ಹದಿನೈದು ನಿಮಿಷದ ಪರದೇಶ

ನಮ್ಮೂರು ಎಮ್ಮಿಗನೂರು ಅಂದ್ರ ಹೊರಗಿನ ಮಂದಿ ಮೊದಲು ಕೇಳೋದು, "ಆಂಧ್ರದಾಗ ಐತಲ್ಲ, ಕೈಮಗ್ಗದ ಊರು, ಅದಾ?" ಅಂತ. ಅದಲ್ರೀ. ಅದು ಕರ್ನೂಲು ಜಿಲ್ಲಾದ್ದು. ನಮ್ದು ಕಂಪ್ಲಿ ತಾಲೂಕಿನ ಎಮ್ಮಿಗನೂರು, ಕಾಲುವಿ ನೀರು ನಂಬಿ ಭತ್ತ ಬೆಳಿಯೋ ಊರು. ಅದು ನನ್ನ ತವರುಮನಿ. ಕೊಟ್ಟಿದ್ದು ಹೊಸಪ್ಯಾಟಿಗೆ. 2021ರಾಗ ಜಿಲ್ಲಾ ಒಡದು ಎರಡಾತಲ್ಲ, ಆವತ್ತಿಂದ ತವರುಮನಿ ಬಳ್ಳಾರಿ ಜಿಲ್ಲಾ, ಗಂಡನ ಮನಿ ವಿಜಯನಗರ ಜಿಲ್ಲಾ. ಆ ಸುದ್ದಿ ಕೇಳಿ ನಮ್ಮವ್ವ ನಕ್ಕಿದ್ಲು: "ಹೋಗ್ಲಿ ಬಿಡು, ನೀನೂ ಪರದೇಶಕ್ಕ ಹೋದಂಗಾತು."

ಆ ಅವ್ವನ್ನ ಕರಕೊಂಡು ನಾನು ಖರೇನ ಪರದೇಶಕ್ಕ ಹೋಗಿ ಬಂದೆ. 2024ರ ಮಾರ್ಚಿನಾಗ, ಶಿವರಾತ್ರಿ ಮುಗದಮ್ಯಾಲ, ನೇಪಾಳಕ್ಕ. ನೇಪಾಳ ಏನು ಪರದೇಶ, ಪಾಸ್‌ಪೋರ್ಟ್ ಸೈತ ಬೇಕಾಗಿಲ್ಲ ಅಂತ ನೀವು ಅನ್ನಬಹುದು. ಆದ್ರ ಗಂಡನ್ನ ಕಳಕೊಂಡ ಹೆಣ್ಣುಮಗಳಿಗೆ ಪಕ್ಕದ ಮನಿ ಹೊಸ್ತಿಲೇ ದೂರ ಆಗಿರ್ತೈತಿ. ಅದನ್ನ ಹೇಳಾಕ ಈ ಬರಹ.

ಅಪ್ಪ ಹೋಗಿದ್ದು 2022ರ ದೀಪಾವಳಿ ಆಗಿ ಎರಡು ವಾರಕ್ಕ. ನಾವು ಲಿಂಗಾಯತರು, ಸುಡೋದಿಲ್ಲ, ಹೊಲದಾಗ ಮಣ್ಣು ಮಾಡಿದ್ವಿ. ಕಾಲುವಿ ಕಡೆ ಬದುವಿನ ಹತ್ರ. ಮನಿಗೆ ಬಂದಮ್ಯಾಲ ಹಿರೇ ಹೆಣ್ಣುಮಕ್ಕಳು ಅವ್ವನ ಸುತ್ತ ಕುಂತು ಬಳಿ ತೆಗದ್ರು, ಕಾಲುಂಗುರ ತೆಗದ್ರು, ಹಣಿ ಒರಸಿದ್ರು. ಬಳಿ ತೆಗಿಯುವಾಗ ಅವ್ವನ ಎಡಗೈ ನನ್ನ ಕೈಯಾಗ ಇತ್ತು. ಹಿಡಕೊಂಡು ಕುಂತಿದ್ದೆ, ಅಷ್ಟ.

ಅದಾಗಿ ಭಾಳ ದಿನ ನನಗೊಂದು ಮಾತು ಚುಚ್ಚತಿತ್ತು. ಅದ ವರ್ಷದ ಮೇ ತಿಂಗಳಾಗ ಪೇಪರಿನಾಗ ಓದಿದ್ದೆ, ಕೊಲ್ಹಾಪುರ ಜಿಲ್ಲಾ ಶಿರೋಳ ತಾಲೂಕಿನ ಹೇರವಾಡ ಅನ್ನೋ ಊರಿನ ಗ್ರಾಮ ಪಂಚಾಯ್ತಿಯವರು, ಗಂಡ ಸತ್ತಾಗ ಬಳಿ ಒಡಿಯೋದು, ಕುಂಕುಮ ಅಳಿಸೋದು, ತಾಳಿ ತೆಗಿಯೋದು ಇನ್ನ ಮ್ಯಾಲ ಬ್ಯಾಡ ಅಂತ ಠರಾವು ಮಾಡಿದ್ರಂತ. ನಾನು ಮನಿಯಾಗ ಬ್ಲೌಸ್ ಹೊಲಿಯಾಕಿ. ಹೊಲಿಗಿ ಕೊಡಾಕ ಬಂದ ಎಲ್ಲಾರಿಗೂ ಆ ಪೇಪರ್ ತೋರಿಸಿ, "ನೋಡ್ರಿ, ಹಿಂಗಿರಬೇಕು" ಅಂದಿದ್ದೆ. ಆರು ತಿಂಗಳಾಗಿರಲಿಲ್ಲ, ನಮ್ಮ ಮನಿಯಾಗ ಅದ ಆತು. ನನ್ನ ಬಾಯಿ ತೆರಿಲಿಲ್ಲ. ಬಸವಣ್ಣನವರ ಕಾಲದಾಗ ಐದು ಥರದ ಸೂತಕ ಬಿಟ್ರು ಅಂತ ಮಠದಾಗ ಕೇಳಿ ಬೆಳದ ಮನಿ ನಮ್ದು. ಕೇಳೋದು ಬ್ಯಾರೆ, ಮಂದಿ ನಡುವ ಕುಂತಾಗ ಹೇಳೋದು ಬ್ಯಾರೆ.

ಅದಕ್ಕಿಂತ ದೊಡ್ಡದು ಇನ್ನೊಂದೈತಿ. 2023ರ ಮೇದಾಗ ಹೊಸಪ್ಯಾಟಿಯಾಗ ನಮ್ಮ ಸಣ್ಣ ಮನಿಯ ಗೃಹಪ್ರವೇಶ. ಊಟ ಆದಮ್ಯಾಲ ಹೆಣ್ಣುಮಕ್ಕಳಿಗೆ ಉಡಿ ತುಂಬಬೇಕು. ಎಲ್ಲಾರೂ ಪಡಸಾಲಿಯಾಗ ಸಾಲಾಗಿ ಕುಂತಿದ್ರು. ಅವ್ವ ಅಡಗಿಮನಿ ಬಾಗಿಲಿನಾಗ ಗ್ವಾಡಿಗೆ ಒರಗಿ ನಿಂತಿದ್ಲು. ಅರಿಷಿಣ ಕುಂಕುಮದ ತಟ್ಟಿ ನನ್ನ ಕೈಯಾಗ. ಒಬ್ಬೊಬ್ಬರಿಗೂ ಹಚ್ಚಿಕೋತ ಬಂದೆ, ಬಾಗಿಲ ಹತ್ರ ಬಂದೆ, ಅಲ್ಲಿಂದ ಹಂಗ ತಿರುಗಿದೆ. ಯಾರೂ ನನಗ ತಿರುಗು ಅಂತ ಹೇಳಿರಲಿಲ್ಲ. ಕಾಲು ತಾವ ತಿರುಗಿದವು. ಅವ್ವ ಅಂದಿದ್ದು ಒಂದ ಮಾತು: "ಹೋಳಿಗಿ ಸಾಕಾಗ್ತಾವಲ್ಲ? ನೋಡ್ಕೊಂಡು ಬಡಸು."

ಆಕಿಗೆ ನೆನಪೈತೋ ಇಲ್ಲೋ ಗೊತ್ತಿಲ್ಲ. ನನಗೈತಿ.

ಆ ವರ್ಷ ಮಳಿ ಕೈ ಕೊಡ್ತು. ತುಂಗಭದ್ರಾ ಡ್ಯಾಮ್ ತುಂಬಲಿಲ್ಲ, ಎರಡನೇ ಬೆಳಿಗೆ ಕಾಲುವಿಗೆ ನೀರು ಬಿಡಲಿಲ್ಲ. ಜನವರಿ ಫೆಬ್ರವರಿಯಾಗ ನಾಟಿ ಹಚ್ಚಿ ಹಸರಾಗಿರಬೇಕಾದ ಹೊಲ ಬಾಯಿ ಬಿಟ್ಟಿತ್ತು. ಕೆಲಸ ಇಲ್ದ ಅವ್ವ ಕಟ್ಟಿ ಮ್ಯಾಲ ಕುಂತು ಕುಂತು ಮಾತು ಕಡಿಮಿ ಮಾಡಿದ್ಲು. ಅಣ್ಣ ಫೋನ್ ಹಚ್ಚಿದ: "ಅವ್ವ ಯಾರ ಮನಿಗೂ ಹೋಗವಲ್ಲಳು ನೋಡು. ನೀನ ಕರಕೊಂಡು ಹೋಗಿ ನಾಕು ದಿನ ಇಟಗೋ."

ನಾಕು ದಿನ ಹೊಸಪ್ಯಾಟಿಯಾಗ ಇಟಗೊಂಡು ಏನು ಮಾಡೋದು? ಅಪ್ಪನ ಮಾತು ನೆನಪಾತು. ಟಿವಿಯಾಗ ಪಶುಪತಿನಾಥನ ಗುಡಿ ತೋರಿಸಿದಾಗೆಲ್ಲ ಅಪ್ಪ ಅಂತಿದ್ದ, "ಅಲ್ಲಿ ಪೂಜಿ ಮಾಡೋ ಭಟ್ರು ನಮ್ಮ ಕರ್ನಾಟಕದಾವ್ರಂತ. ಒಮ್ಮಿ ಹೋಗಬೇಕು." ಹೌದು, ಅಲ್ಲಿ ಮೂರ್ತಿ ಮುಟ್ಟಿ ಪೂಜಿ ಮಾಡೋ ಹಕ್ಕು ಹಿಂದಿನಿಂದ ದಕ್ಷಿಣದ ಭಟ್ರದ್ದು. ಅಪ್ಪ ಹೋಗಲಿಲ್ಲ. ಅಪ್ಪನ ಆಸೆನಾದ್ರೂ ಅವ್ವ ಮುಟ್ಟಿಸಲಿ ಅಂದ್ಕೊಂಡೆ. ನಿಜ ಹೇಳಬೇಕಂದ್ರ, ಆ ತಟ್ಟಿಯ ಸಾಲ ತೀರಿಸಬೇಕು ಅನ್ನೋದೂ ಒಳಗಿತ್ತು.

ಅವ್ವ ಕೇಳಿದ ಕೂಡಲೇ ಬ್ಯಾಡ ಅಂದ್ಲು. ಎರಡು ದಿನ ಬಿಟ್ಟು ತಾನ ಫೋನ್ ಮಾಡಿ, "ಇಮಾನದಾಗ ಕಿಟಕಿ ಬಾಜೂಕ ಕುಂದ್ರಸ್ತಾರೇನು?" ಅಂದ್ಲು. ಅಲ್ಲಿಗೆ ಮುಗೀತು. ದೊಡ್ಡವ್ವ ಮಾತ್ರ ಸುಮ್ಕಿರಲಿಲ್ಲ. "ಗಂಡ ಹೋಗಿ ಒಂದೂವರಿ ವರ್ಷ ಆಗಿಲ್ಲ, ತಿರುಗಾಡಾಕ ಹೊಂಟಾಳ" ಅಂದ್ಲಂತ. ಅದಕ್ಕ ಅವ್ವ, "ಅವ್ರು ಇದ್ದಾಗ ಎಲ್ಲೆಲ್ಲಿ ಕರಕೊಂಡು ಹೋಗಿದ್ರು ಅಂತ ನೀನ ಹೇಳಕ್ಕಾ" ಅಂದ್ಲಂತ. ಮದುವಿ ಆದಾಗಿಂದ ಆಕಿ ನೋಡಿದ್ದು ಹಂಪಿ, ಮೈಲಾರ, ಉಳವಿ, ಶ್ರೀಶೈಲ. ಎಲ್ಲಾ ಕಡೆನೂ ಅಡಗಿ ಮಾಡಾಕ ಸ್ಟೌ ಹೊತ್ಕೊಂಡ ಹೋಗಿದ್ಲು.

ಖರ್ಚಿಗೆ ಅಂತ ಆಕಿ ತಂದು ಕೊಟ್ಟಿದ್ದು ಹತ್ತು ಸಾವಿರ. ಗೃಹಲಕ್ಷ್ಮಿ ದುಡ್ಡು, ಐದು ಕಂತು. ಅಪ್ಪ ಹೋದಮ್ಯಾಲ ರೇಷನ್ ಕಾರ್ಡಿನಾಗ ಮನಿ ಯಜಮಾನಿ ಆಕಿನ. ಬ್ಯಾಡ ಅಂದ್ರ ಕೇಳಲಿಲ್ಲ. "ಬಸ್ಸಿಗೆ ರೊಕ್ಕ ಇಲ್ಲ, ಇಮಾನಕ್ಕೂ ಇಲ್ಲಂದ್ರ ಹೆಂಗ?" ಅಂದ್ಲು.

ಇನ್ನ ಕಾಗದ ಪತ್ರ. ನಿಮಗೂ ಬೇಕಾಗಬಹುದು, ಅದಕ್ಕ ಬರಿತೀನಿ. ನಮ್ಮ ದೇಶದವರು ವಿಮಾನದಾಗ ನೇಪಾಳಕ್ಕ ಹೋಗಾಕ ಪಾಸ್‌ಪೋರ್ಟ್ ಇಲ್ಲಾ ವೋಟರ್ ಕಾರ್ಡು ಬೇಕು. ಆಧಾರ್ ಕಾರ್ಡು ನಡಿಯೋದು 65 ದಾಟಿದವರಿಗೆ ಮತ್ತ 15ರ ಒಳಗಿನ ಮಕ್ಕಳಿಗೆ. ಅವ್ವನ ಆಧಾರಿನಾಗ ಹುಟ್ಟಿದ ದಿನ 1-1-1960. ನಮ್ಮೂರಾಗ ಆಕಿ ವಾರಗಿಯವರು ಅರ್ಧಕ್ಕರ್ಧ ಮಂದಿ ಜನವರಿ ಒಂದಕ್ಕ ಹುಟ್ಟ್ಯಾರ. ಲೆಕ್ಕಕ್ಕ 64 ಆತು, ಒಂದು ವರ್ಷ ಕಡಿಮಿ. ವೋಟರ್ ಕಾರ್ಡು ಹುಡುಕಿದ್ರ ಜೋಳದ ಡಬ್ಬಿ ತಳದಾಗ ಸಿಕ್ತು. ಅದರಾಗ ಆಕಿ ಹೆಸರಿನ ಕೊನಿಗೆ 'ವ್ವ' ಐತಿ, ಆಧಾರಿನಾಗ 'ಮ್ಮ' ಐತಿ. ನಾನು ಆಧಾರ್ ನೋಡಿ ಟಿಕೀಟು ತೆಗಿಸಿಬಿಟ್ಟಿದ್ದೆ. ಹೆಸರು ತಿದ್ದಿಸಾಕ ಮತ್ತ ರೊಕ್ಕ ಹೋತು. ತಪ್ಪು ನಂದ. ಯಾವ ಕಾರ್ಡು ತೋರಸ್ತೀರೋ ಆ ಕಾರ್ಡಿನಾಗಿನ ಹೆಸರಿಗೇನ ಟಿಕೀಟು ಮಾಡಸ್ರಿ.

ಆ ಕಾರ್ಡಿನಾಗ ಆಕಿ ಹೆಸರಿನ ಕೆಳಗ 'ಗಂಡನ ಹೆಸರು' ಅಂತ ಅಪ್ಪನ ಹೆಸರು. ಅವ್ವ ಅದನ್ನ ಸೆರಗಿಲೆ ಒರಸಿ, ಪ್ಲಾಸ್ಟಿಕ್ ಚೀಟಿನಾಗ ಹಾಕಿ, ಕುಪ್ಪಸದಾಗ ಇಟಗೊಂಡ್ಲು.

ಗಂಟು ಕಟ್ಟಿದ್ದು ನೋಡಬೇಕಿತ್ತು ನೀವು. ಕಟಕ ರೊಟ್ಟಿ ಐವತ್ತು, ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಒಂದು ಡಬ್ಬಿ ಕೆಂಪಿಂಡಿ. ನೇಪಾಳದಾಗ ನಮ್ಮ ನೂರರ ನೋಟು ನಡಿತೈತಿ, ಅದಕ್ಕಿಂತ ದೊಡ್ಡವು ಆಗ ನಡೀತಿರಲಿಲ್ಲ. ಅದಕ್ಕ ಕಂಪ್ಲಿ ಸಂತಿಯಾಗ ತರಕಾರಿ ಮಾರೋರ ಹತ್ರ ಚಿಲ್ರೆ ಮಾಡಿಸಿ, ನೂರರ ನೋಟು ಕಟ್ಟು ಮಾಡಿ ತಂದಿದ್ಲು. ನಮ್ಮ ನೂರು ಅಂದ್ರ ಅಲ್ಲಿ ನೂರಾ ಅರವತ್ತು ಅಂತ ಹೇಳಿದೆ. "ಹಂಗಾರ ಅಲ್ಲಿ ನಾನು ಶ್ರೀಮಂತಿ" ಅಂದ್ಲು.

ರಾತ್ರಿ ಹಂಪಿ ಎಕ್ಸ್‌ಪ್ರೆಸ್ಸಿಗೆ ಬೆಂಗಳೂರು, ಅಲ್ಲಿಂದ ವಿಮಾನದಾಗ ದಿಲ್ಲಿ, ದಿಲ್ಲಿಯಿಂದ ಕಠ್ಮಂಡು. ದಿಲ್ಲಿಯಾಗ ದೇಶ ಬಿಟ್ಟು ಹೋಗೋರನ್ನ ತಪಾಸಣೆ ಮಾಡೋ ಕಿಟಕಿಯಾಗ ಒಬ್ಬ ಹುಡುಗ ಕುಂತಿದ್ದ. ಅವ್ವನ ಕಾರ್ಡು ತಿರುವಿ ನೋಡಿದ. ಹಿಂದಿಯಾಗ ಮೆತ್ತಗ ಕೇಳಿದ, ಗಂಡ ಜೋಡಿ ಬಂದಿಲ್ಲೇನು ಅಂತ. ತಪ್ಪಲ್ಲ, ಕಾರ್ಡಿನಾಗ ಹೆಸರೈತಿ, ಕೇಳಿದ. ನನಗ ಗಂಟಲು ಕಟ್ತು. ಹಿಂದಿ ಬರ್ತೈತಿ, ಆ ಒಂದು ವಾಕ್ಯ ಬರಲಿಲ್ಲ.

ಅವ್ವ ಮುಂದ ಬಗ್ಗಿ, ಕಂಪ್ಲಿ ಸಂತಿಯಾಗ ಬಳಿಗಾರ ಸಾಬರ ಜೋಡಿ ಮಾತಾಡೋ ಭಾಷಾದಾಗ ಅಂದ್ಲು: "ಮರ್ದ್ ಮರ್ ಗಯಾ ಸಾಬ್. ಮೈಚ್ ಆಯಿ."

ಗಂಡ ಸತ್ತಾನ ಸಾಹೇಬ್ರ, ನಾನ ಬಂದೀನಿ. ಆ ಹುಡುಗ ಒಂದು ಸಲ ಆಕಿ ಮುಖ ನೋಡಿ, ಎದ್ದು ನಿಂತಂಗ ಮಾಡಿ ಕೈ ಮುಗದ. ಮುಂದ ಹೋದ್ವಿ. ಅವ್ವ ನನ್ನ ತಿವದು, "ಯಾಕಲೇ, ಸತ್ತಾನ ಅನ್ನಾಕ ಅಷ್ಟ್ಯಾಕ ತಡವರಸ್ತಿ? ನಾನು ದಿನಾ ಅಂತೀನಿ" ಅಂದ್ಲು.

ವಿಮಾನದಾಗ ಎಡಗಡೆ ಕಿಟಕಿ ಸಿಕ್ಕಿತ್ತು. ದಿಲ್ಲಿಯಿಂದ ಕಠ್ಮಂಡುಗೆ ಹೋಗೋರು ಎಡಗಡೆನ ಕೇಳ್ರಿ. ಅರ್ಧ ದಾರಿ ದಾಟಿದಮ್ಯಾಲ ಬೆಳ್ಳನ ಸಾಲು ಕಂಡ್ತು. ಅವ್ವ ಮಾಡ ಅಂದ್ಕೊಂಡಿದ್ಲು. ಮಾಡ ಅಲ್ಲ, ಹಿಮದ ಗುಡ್ಡ ಅಂದೆ. ಆಮ್ಯಾಲ ಇಳಿಯೋತನಕ ಮಾತಾಡಲಿಲ್ಲ. ಕೊಟ್ಟ ಚಾ ಆರಿ ಹೋತು.

ಇಳದ ಕೂಡಲೇ ಫೋನಿನಾಗ ಟೈಮ್ ತಾನ ಬದಲಾತು. ನಮ್ಮ ಟೈಮಿಗಿಂತ ಅವ್ರದ್ದು ಹದಿನೈದು ನಿಮಿಷ ಮುಂದ. ಅವ್ವನ ಕೈಯಾಗ ಅಪ್ಪನ ಎಚ್‌ಎಂಟಿ ವಾಚಿತ್ತು, ಪಟ್ಟಿಗೆ ಇನ್ನೊಂದು ತೂತು ಹೊಡಿಸಿ ಬಿಗಿ ಮಾಡಿಕೊಂಡಿದ್ಲು. ಮುಂದ ಮಾಡ್ಲೇನು ಅಂದೆ. "ಬ್ಯಾಡ ಬಿಡು, ಹದಿನೈದು ನಿಮಿಷದ ಪರದೇಶ, ಬಾಯಿಲೆಕ್ಕ ಮಾಡ್ತೀನಿ" ಅಂದ್ಲು. ಉಳಕೊಂಡ ಜಾಗದಾಗ ಗ್ವಾಡಿ ಮ್ಯಾಲಿನ ಕ್ಯಾಲೆಂಡರಿನಾಗ 2080 ಅಂತ ಇತ್ತು. ಅದು ಅವ್ರ ವಿಕ್ರಮ ಸಂವತ್ಸರ, ನಮ್ಮಕಿಂತ 56 ವರ್ಷ ಮುಂದ. "ನಿಮಿಷದಾಗ ಹದಿನೈದು, ವರ್ಷದಾಗ ಐವತ್ತಾರು. ಇವ್ರ ಲೆಕ್ಕದಾಗ ನಾನು ಸತ್ತು ಎಷ್ಟು ವರ್ಷ ಆತೋ" ಅಂತ ನಕ್ಕಳು.

ಮಾರನೇ ದಿನ ಮುಂಜಾನಿ ಪಶುಪತಿನಾಥ. ಎರಡು ಅಂತಸ್ತಿನ ಬಂಗಾರ ಬಣ್ಣದ ಚಾವಣಿ, ನಾಕು ದಿಕ್ಕಿಗೆ ನಾಕು ಬೆಳ್ಳಿ ಬಾಗಿಲು, ಹೊರಗ ಆಳೆತ್ತರದ ನಂದಿ. ಒಳಗಿನ ಲಿಂಗಕ್ಕ ನಾಕು ಕಡೆ ನಾಕು ಮುಖ, ಮ್ಯಾಲಿಂದು ಕಣ್ಣಿಗೆ ಕಾಣದ ಐದನೇ ಮುಖ ಅಂತಾರ. ನಾಕು ಬಾಗಿಲಿಗೂ ಸುತ್ತಿ ಬಂದ್ವಿ. ತಳ್ಳಾಟದಾಗ ಅವ್ವ ಒಳಗಿದ್ದ ಭಟ್ರ ಕಡೆ ಕೈ ಎತ್ತಿ, "ಸ್ವಾಮೇರ, ಕಂಪ್ಲಿ ಕಡೆಯಾವ್ರು ನಾವು!" ಅಂತ ಕೂಗಿದ್ಲು. ಅವ್ರಿಗೆ ಕೇಳಿತೋ ಇಲ್ಲೋ, ಆ ಕಡೆ ನೋಡಿ ನಕ್ಕಂಗಾತು. ಅಷ್ಟರಾಗ ಹಿಂದಿನ ಮಂದಿ ನಮ್ಮನ್ನ ಮುಂದ ನೂಕಿದ್ರು.

ಗುಡಿ ಹಿಂದ ಬಾಗ್ಮತಿ ನದಿ. ಮಾರ್ಚಿನಾಗ ನೀರು ಸಣ್ಣಗ ಹರಿತಿತ್ತು. ಆಚಿ ದಂಡಿ ಮೆಟ್ಟಲು ಮ್ಯಾಲ ಹೋಗಿ ಕುಂತ್ವಿ. ಎದುರಿಗೆ ಘಾಟಿನಾಗ ಹೆಣ ಸುಡ್ತಿದ್ರು. ಒಂದು ಆರತಿತ್ತು, ಇನ್ನೊಂದು ಹತ್ತತಿತ್ತು. ನನಗ ಗಾಬರಿ ಆತು, ಅವ್ವನ್ನ ಎಬ್ಬಿಸಬೇಕು ಅಂದ್ಕೊಂಡೆ. ಆಕಿ ಎದ್ದೇಳಲಿಲ್ಲ. ಬಿಳಿ ಅರಿಬಿ ಉಟ್ಟ ಹುಡುಗ ಒಬ್ಬ ಸುತ್ತ ತಿರುಗೋದನ್ನ ನೋಡಿಕೋತ ಕುಂತ್ಲು.

"ನಾವು ಮಣ್ಣಾಗ ಇಡ್ತೀವಿ, ಇವ್ರು ಬೂದಿ ಮಾಡಿ ಹೊಳಿಗೆ ಬಿಡ್ತಾರ" ಅಂದ್ಲು. "ನಮ್ಮದ ಚಲೋ ನೋಡು. ಕಳಿ ತಗಿಯಾಕ ಹೋದಾಗ ನಿಮ್ಮಪ್ಪನ ಹತ್ರ ಒಂದೀಟು ಕುಂತು ಬರ್ತೀನಿ."

ಆಮ್ಯಾಲ ಸೆರಗು ಝಾಡಿಸಿ ಎದ್ಲು. "ಆತು. ಇದು ನಿಮ್ಮಪ್ಪನ ಆಸೆ ಇತ್ತು, ಮುಟ್ಟಿಸಿದ್ವಿ. ನಾಳಿಂದ ನನ್ನ ಆಸೆ."

ನಾನು ಕಣ್ಣು ಬಿಟ್ಟೆ. ಆಕಿಗೆ ಬ್ಯಾರೆ ಆಸೆ ಇರಬಹುದು ಅಂತ ನಾನು ಕೇಳೇ ಇರಲಿಲ್ಲ. ಕಾಗದ, ಟಿಕೀಟು, ರೊಟ್ಟಿ, ನೋಟು, ಎಲ್ಲಾ ಕೇಳಿದ್ದೆ. ಅದೊಂದು ಕೇಳಿರಲಿಲ್ಲ.

"ಏನು ನಿನ್ನ ಆಸೆ?"

"ಯಾರದಾರ ಮನಿಗೆ ಹೋಗಬೇಕು. ಗುಡಿ ಎಷ್ಟಂತ ನೋಡೋದು? ಇಲ್ಲಿ ಹೆಣ್ಣುಮಕ್ಕಳು ಹೆಂಗ ಬಾಳೇವು ಮಾಡ್ತಾರ, ಒಲಿ ಎಲ್ಲಿ ಇಟ್ಟಾರ, ಕಾಳು ಎದ್ರಾಗ ಹಾಕ್ಯಾರ, ನೋಡಬೇಕು. ಊರಾಗಂತೂ ಯಾರ ಮನಿಗೂ ಹೋಗಾಕ ಆಗವಲ್ದು."

"ಯಾಕ ಆಗವಲ್ದು?" ಅಂದೆ, ಗೊತ್ತಿದ್ದೂ.

"ಮುಂಜಾನಿ ಹೋದ್ರ ಅವ್ರಿಗೆ ಏನನಿಸ್ತೈತೋ ಅಂತ ನನಗ ಅನಿಸ್ತೈತಿ. ಅವ್ರು ಏನೂ ಅನ್ನಂಗಿಲ್ಲ. ಸಂಜಿಕಿ ಹೋಗಾನ ಅಂದ್ರ ಸೀರಿಯಲ್ ನೋಡ್ತಿರ್ತಾರ."

ಭಕ್ತಪುರದಾಗ ಒಂದು ಜಂಗಮ ಮಠ ಐತಿ ಅಂತ ಮೊದಲ ಕೇಳಿದ್ದೆ. ಕಠ್ಮಂಡುವಿನಿಂದ ಮೂಡಣ ದಿಕ್ಕಿಗೆ ಹದಿಮೂರು ಕಿಲೋಮೀಟರ್. ಮಠನೂ ಆತು, ಮನಿನೂ ಆತು ಅಂತ ಅಲ್ಲೇ ಒಂದು ಮನಿಯಾಗ ಬಾಡಗಿ ಕೋಣಿ ಹಿಡದೆ. ಊರೊಳಗ ಕಾಲಿಡಾಕ ಹೊರಗಿನವರು ಟಿಕೀಟು ತಗೋಬೇಕು. ಅವ್ವಗ ಸಿಟ್ಟು ಬಂತು, "ಊರೊಳಗ ಹೋಗಾಕೂ ಟಿಕೀಟಾ?" ಹಂಪಿಯಾಗ ವಿಠ್ಠಲ ಗುಡಿಗೆ ತಗೊಳ್ಳಂಗಿಲ್ಲೇನು ಅಂದೆ. ಒಳಗ ಹೋದಮ್ಯಾಲ ತಣ್ಣಗಾದ್ಲು. ಗುಡಿ ಕಟ್ಟಿ ಮ್ಯಾಲ ಮುದುಕರು ಬಿಸಲು ಕಾಸತಿದ್ರು, ಅಂಗಳದಾಗ ಚಾಪಿ ಹಾಸಿ ಕಾಳು ಒಣಗಿಸಿದ್ರು, ಕುಂಬಾರರು ಬೀದಿಯಾಗ ಗಡಿಗಿ ಸಾಲು ಇಟ್ಟಿದ್ರು. 2015ರ ಏಪ್ರಿಲ್ 25ರ ಭೂಕಂಪದಾಗ ಬಿದ್ದ ಮನಿಗೋಳು ಕೆಲವು ಇನ್ನೂ ಕಟ್ಟಿರಲಿಲ್ಲ. 1702ರಾಗ ಕಟ್ಟಿದ ಐದು ಅಂತಸ್ತಿನ ನ್ಯಾತಪೋಲ ಗುಡಿ ಮಾತ್ರ ನೆಟ್ಟಗ ನಿಂತಿತ್ತು.

"ಹಂಪ್ಯಾಗ ಬಜಾರಿನ ಮಂದಿನ ಎಬ್ಬಿಸಿ ಕಲ್ಲು ಉಳಿಸಿದ್ರು" ಅಂದ್ಲು ಅವ್ವ. "ಇಲ್ಲಿ ಮಂದಿ ಕಲ್ಲು ಎರಡೂ ಅದಾವು." 2011ರಾಗ ವಿರೂಪಾಕ್ಷನ ಗುಡಿ ಮುಂದಿನ ಮನಿ ಅಂಗಡಿ ಕೆಡವಿದಾಗ ಆಕಿ ತಂಗಿಯ ಬೀಗರದ್ದೂ ಒಂದು ಅಂಗಡಿ ಹೋಗಿತ್ತು.

ಮನಿ ಯಜಮಾನಿ ಅವ್ವನ ವಯಸ್ಸಿನಾಕಿ. ಕಪ್ಪು ಸೀರಿ, ಕೆಂಪು ಅಂಚು. ಅವ್ವ ಮೊದಲು ನೋಡಿದ್ದ ಅದನ್ನ. "ನಮ್ಮ ಇಲಕಲ್ ಸೀರಿ ಬಣ್ಣದಂಗ ಐತಿ" ಅಂತ ಅಂಚು ಹಿಡದು ನೋಡೇ ಬಿಟ್ಲು. ಆಕಿ ಅಂಗಳದಾಗ ಮರದಾಗ ಕಾಳು ಹಸನು ಮಾಡ್ತಿದ್ಲು. ಅವ್ವ ಸ್ವಲ್ಪ ಹೊತ್ತು ನಿಂತು, ತಡಕೊಳ್ಳಲಾರದ, ಕೈ ಚಾಚಿ ಮರ ಇಸಗೊಂಡ್ಲು. ಎರಡು ಸಲ ಕೇರಿ ತೋರಿಸಿದ್ಲು. ಆಕಿ ಹೌದೌದು ಅನ್ನಂಗ ತಲಿ ಆಡಿಸಿ, ತನ್ನ ಹಂಗ ಕೇರಿ ತೋರಿಸಿದ್ಲು. ಒಬ್ಬಾಕಿದು ಕನ್ನಡ, ಒಬ್ಬಾಕಿದು ನೇವಾರಿ. ಮಧ್ಯಾಹ್ನತನಕ ನಡೀತು.

ರೊಟ್ಟಿ ಗಂಟು ಬಿಚ್ಚಿದ್ದು ಆ ಮನಿಯಾಗ. ಆಕಿ ಕಟಕ ರೊಟ್ಟಿನ ಮುರದು, ಹಪ್ಪಳ ಅಂದ್ಕೊಂಡು ಕರಿಯಾಕ ಎಣ್ಣಿ ಇಟ್ಲು. ಬ್ಯಾಡ ಬ್ಯಾಡ ಅಂತ ಅವ್ವ ಶೇಂಗಾ ಹಿಂಡಿ, ಮೊಸರು ಕಲಸಿ ತೋರಿಸಿದ್ಲು. ಅಲ್ಲಿ ಮೊಸರು ಮಣ್ಣಿನ ಕುಡಿಕಿಯಾಗ ಹೆಪ್ಪು ಹಾಕ್ತಾರ, ಜೂಜು ಧೌ ಅಂತ ಹೆಸರು, ಸೀ ಇರ್ತೈತಿ, ಚಾಕುವಿಲೆ ಕೊಯ್ಯುವಷ್ಟು ಗಟ್ಟಿ. ಅವ್ರ ಮನಿಯಾಗ ಊಟಕ್ಕ ಅವಲಕ್ಕಿ. ಅವ್ವ ನನಗ ಮೆತ್ತಗ, "ಬೀಗರಂಗ ಅವಲಕ್ಕಿ ಮೊಸರು ಕೊಟ್ಲು ನೋಡು" ಅಂದ್ಲು.

ಸಂಜಿಕಿ ಆಕಿ ಮಗ ಬಂದ. ಹಿಂದಿ ಬರ್ತಿತ್ತು. ಅವನ ಬಾಯಿಂದ ಇಬ್ಬರಿಗೂ ಮಾತು ದಾಟಿತು. ಆಕಿ ಗಂಡನೂ ತೀರಿ ಒಂಬತ್ತು ವರ್ಷ. ಅದನ್ನ ಕೇಳಿ ಅವ್ವ ಆಕಿ ಹಣಿ ಕಡೆ ನೋಡಿದ್ಲು. ಹಣಿ ಮ್ಯಾಲ ಕೆಂಪಿತ್ತು. ಕೈಯಾಗ ಬಳಿ ಇದ್ದವು. ಕೇಳು ಅಂತ ನನಗ ಕಣ್ಣು ಮಾಡಿದ್ಲು. ನಾಚಿಕೋತ ಕೇಳಿದೆ.

ಆ ಹುಡುಗ ನಕ್ಕೊಂತ ಹೇಳಿದ. ನೇವಾರರ ಮನಿಯಾಗ ಹೆಣ್ಣುಮಕ್ಕಳಿಗೆ ಮೈ ನೆರಿಯೋಕಿಂತ ಮೊದಲ ಒಂದು ಮದುವಿ ಮಾಡ್ತಾರ. ಇಹಿ ಅಂತ ಅದರ ಹೆಸರು. ಅದರಾಗ ಬಿಲ್ವದ ಕಾಯಿ ಇರ್ತೈತಿ, ನಾವು ಪತ್ರಿ ಕಾಯಿ ಅಂತೀವಲ್ಲ, ಅದು. ಆ ಕಾಯಿ ಕೊಳಿಯಂಗಿಲ್ಲ. ಆ ಮದುವಿ ದೇವ್ರ ಜೋಡಿ ಆದಂಗ, ಅದಕ್ಕ ಕೊನಿ ಇಲ್ಲ. ಆಮ್ಯಾಲ ಕಟಗೊಂಡ ಗಂಡ ಸತ್ರೂ ಆಕಿ ಮುಂಡಿ ಆಗಂಗಿಲ್ಲ ಅಂತ ಅವ್ರ ಹಿರೇರು ಹೇಳ್ತಾರ. ಹಂಗಂತ ಅಲ್ಲಿ ಗಂಡ ಸತ್ತ ಹೆಣ್ಣುಮಕ್ಕಳಿಗೆ ಕಷ್ಟ ಇಲ್ಲ ಅಂತಲ್ಲ, ಹೊಟ್ಟಿಪಾಡು, ಆಸ್ತಿ ಜಗಳ ಎಲ್ಲಾ ಊರಿನಂಗ ಅಲ್ಲೂ ಐತಿ ಅಂತ ಆ ಹುಡುಗನ ಅಂದ.

ಅವ್ವ ಒಂದು ಗಳಿಗಿ ಸುಮ್ಕ ಕುಂತ್ಲು. ಆಮ್ಯಾಲ ಹೊಟ್ಟಿ ಹಿಡಕೊಂಡು ನಕ್ಕಳು. "ಅಯ್ ನಮ್ಮವ್ವ! ದಿನಾ ಪತ್ರಿ ಏರಿಸಿದಾಕಿ ನಾನು, ಕಾಯಿ ಕಡೆ ನೋಡಲೇ ಇಲ್ಲ. ನಮ್ಮಪ್ಪಗ ಯಾರಾರ ಹೇಳಿದ್ರ ಒಂದು ಕಾಯಿಗೆ ಏನು ಖರ್ಚು ಬರ್ತಿತ್ತು?" ಅಂದ್ಲು. ಆ ಹುಡುಗ ಅದನ್ನ ತನ್ನ ಅವ್ವಗ ಹೇಳಿದ. ಆಕಿನೂ ನಕ್ಕಳು. ನನಗ ನಗು ಬರಲಿಲ್ಲ. ನಕ್ಕು ನಕ್ಕು ಅವ್ವನ ಕಣ್ಣಾಗ ನೀರು ಬಂದಿತ್ತು, ಅದು ಯಾವ ನೀರು ಅಂತ ಗೊತ್ತಾಗಲಿಲ್ಲ.

ಮಾರನೇ ದಿನ ಮಠಕ್ಕ ಹೋಗಿ ಕೈ ಮುಗದು ಬಂದ್ವಿ. ಅದರ ಮರುದಿನ ಹೊರಡೋದು. ಮುಂಜಾನಿ ಯಜಮಾನಿ ತಟ್ಟಿ ಹಿಡಕೊಂಡು ಬಂದ್ಲು. ದೂರ ಹೋಗೋರಿಗೆ ಟೀಕಾ ಇಡೋದು ಅವ್ರ ಪದ್ಧತಿ, ಅಕ್ಕಿಕಾಳು, ಮೊಸರು, ಕೆಂಪು ಕಲಸಿ. ಕುದಿಸಿದ ಮೊಟ್ಟಿನೂ ತಂದಿದ್ಲು, ನಾವು ತಿನ್ನಂಗಿಲ್ಲ ಅಂದಮ್ಯಾಲ ನಕ್ಕು ಬಾಜೂಕಿಟ್ಲು. ಮೊದಲು ನನಗಿಟ್ಲು. ಆಮ್ಯಾಲ ಅವ್ವನ ಕಡೆ ಕೈ ಹೊಂಟಿತು.

ಅವ್ವ ನನ್ನ ನೋಡಿದ್ಲು.

ಆ ನೋಟ ನಾನು ಮರಿಯಂಗಿಲ್ಲ. ಅದರಾಗ ಇಟಗೊಳ್ಳಲೇನು ಅನ್ನೋ ಕೇಳೋದಿತ್ತು. ಅರವತ್ತು ದಾಟಿದಾಕಿ, ನನ್ನ ಹಡದಾಕಿ, ನನ್ನ ಒಪ್ಪಿಗಿ ಕೇಳಾಕತ್ತಿದ್ಲು. ಹೂಂ ಅನ್ನಬೇಕಿತ್ತು, ಅಷ್ಟ. ನನ್ನ ತಲ್ಯಾಗ ಬಂದಿದ್ದು ದೊಡ್ಡವ್ವ. ದಿನಾ ನಾನು ಮನಿ ಮಂದಿ ವಾಟ್ಸಾಪ್ ಗ್ರೂಪಿಗೆ ಫೋಟೊ ಹಾಕತಿದ್ದೆ, ಇದು ಅದರಾಗ ಬಂದ್ರ ಅಂತ. ಮತ್ತೊಮ್ಮಿ ನನ್ನ ಬಾಯಿ ತೆರಿಲಿಲ್ಲ.

ಯಜಮಾನಿಗೆ ಇದ್ಯಾವುದೂ ಗೊತ್ತಿಲ್ಲ. ಆಕಿ ಯಾರನ್ನೂ ಕಾಯಲಿಲ್ಲ. ಮೂರು ಬಟ್ಟು ತುಂಬ ತಗೊಂಡು ಅವ್ವನ ಹಣಿಗೆ ಒತ್ತಿ, ತಲಿ ಮ್ಯಾಲ ಕೈ ಇಟ್ಲು. ಅವ್ವ ಕಣ್ಣು ಮುಚ್ಚಿದ್ಲು.

ಟ್ಯಾಕ್ಸಿಯಾಗ, "ಕನ್ನಡಿ ಐತೇನು?" ಅಂದ್ಲು. ಫೋನಿನಾಗ ಕ್ಯಾಮೆರಾ ತಿರುವಿ ತೋರಿಸಿದೆ. "ಭಾಳ ದೊಡ್ಡದಿಟ್ಟಾಳ, ಜಾತ್ರಿ ದೇವಿ ಹಂಗ" ಅಂತ ನೋಡಿಕೋತ ಕುಂತ್ಲು. ಫೋಟೊ ತೆಗದೆ. ವಿಮಾನ ನಿಲ್ದಾಣದಾಗ ಕೇಳಿದ್ಲು: "ಆ ಫೋಟೊ ಅಣ್ಣಗ ಕಳಿಸಿದೇನು?"

"ಇಲ್ಲ."

"ಯಾಕ?"

ನಾನು ಹೇಳಲಿಲ್ಲ. ಆಕಿನ ಹೇಳಿದ್ಲು. "ಹಣಿ ನಂದು, ಅಂಜಿಕಿ ನಿಂದು. ನಿಮ್ಮನಿ ಬಾಗಲದಾಗ ನಿಂತಾಗೂ ಹಂಗ ಆತು ನಿನಗ. ನೋಡಿದ್ದೆ ನಾನು."

ಅಂದ್ರ ಆಕಿಗೆ ನೆನಪಿತ್ತು. ಹತ್ತು ತಿಂಗಳು ಹೊಟ್ಟ್ಯಾಗ ಇಟಗೊಂಡಿದ್ಲು. ಅಲ್ಲೇ ಕುರ್ಚಿ ಮ್ಯಾಲ, ಮಂದಿ ನಡುವ, ನಾನು ಅತ್ತೆ. ಆಕಿ ಬೆನ್ನು ಸವರಿ, "ಬೈಯ್ಯಾಕ ಹೇಳಲಿಲ್ಲ. ಆವತ್ತು ನಾನೂ ಹಿಂದ ಸರದು ನಿಂತಿದ್ದೆ. ಮುಂದ ನಿಂತಿದ್ರ ನೀ ಏನು ಮಾಡ್ತಿದ್ದಿ ಅಂತ ನನಗೂ ಅಂಜಿಕಿ ಇತ್ತು" ಅಂದ್ಲು. ಆಕಿ ಚೀಲದಿಂದ ಒಂದು ರೊಟ್ಟಿ ತೆಗದು ಮುರದು ಕೊಟ್ಲು. ತಿಂದೆ.

ಟೀಕಾ ದಾರಿಯುದ್ದಕ್ಕೂ ಒಂದೊಂದ ಕಾಳು ಉದುರಿತು. ಬೆಂಗಳೂರಿನಾಗ ರೈಲು ಹತ್ತೋಕಿಂತ ಮೊದಲು ಅವ್ವ ಮುಖ ತೊಳಕೊಂಡು ಬಂದ್ಲು. ವಿಭೂತಿ ಹಚ್ಚಿದ್ಲು. ಯಾಕ ತೊಳದಿ ಅಂದ್ರ, "ಅದು ಅವ್ರ ಮನಿ ಮರ್ಯಾದಿ, ಇಟಗೊಂಡೆ. ಇದು ನಂದು" ಅಂದ್ಲು. ಅದರ ಮ್ಯಾಲ ನಾನು ಕೇಳಲಿಲ್ಲ. ಆ ರಾತ್ರಿ ರೈಲಿನಾಗ ಫೋಟೊ ಮಾತ್ರ ಗ್ರೂಪಿಗೆ ಹಾಕಿದೆ. ಅಣ್ಣ ಕೈ ಮುಗಿಯೋ ಚಿತ್ರ ಕಳಿಸಿದ. ದೊಡ್ಡವ್ವನ ಸೊಸಿ ಹೂವಿನ ಚಿತ್ರ. ಬ್ಯಾರೆ ಯಾರೂ ಏನೂ ಅನ್ನಲಿಲ್ಲ, ನನ್ನ ಮುಂದ.

ಏಪ್ರಿಲ್ 9ಕ್ಕ ಯುಗಾದಿ. ಎಮ್ಮಿಗನೂರಿಗೆ ಹೋಗಿದ್ವಿ. ಬೇವು ಬೆಲ್ಲ ಆಗಿ ಹೆಣ್ಣುಮಕ್ಕಳು ಕೂಡಿದಾಗ ತಟ್ಟಿ ನಾನ ಎತ್ತಿಕೊಂಡೆ. ಸೀದಾ ಅವ್ವನ ಹತ್ರ ಹೋಗಿ ನಿಂತೆ. ಕೈ ನಡಗತಿತ್ತು, ಸುಳ್ಳ್ಯಾಕ ಹೇಳಲಿ. ದೊಡ್ಡವ್ವ ಮಾತು ನಿಲ್ಲಿಸಿದ್ಲು. ಅವ್ವ ತಟ್ಟಿ ನೋಡಿ, ನನ್ನ ನೋಡಿ, ಕುಂಕುಮದಾಗ ಬಟ್ಟು ಅದ್ದಿ ನನ್ನ ಹಣಿಗಿಟ್ಲು. ನನ್ನ ಮಗಳಿಗಿಟ್ಲು. ತನಗ ಬಾಜೂಕಿದ್ದ ವಿಭೂತಿ ತಗೊಂಡ್ಲು. "ಯಾಕವ್ವ?" ಅಂದೆ. "ಕೇಳಿದ್ಯಲ್ಲ, ಸಾಕು. ಇನ್ನ ಏನು ಹಚ್ಚಿಕೋಬೇಕು ನಾ ನೋಡಕೋತೀನಿ. ಹೋಗು, ನಿಮ್ಮ ದೊಡ್ಡವ್ವಗ ಹಚ್ಚು" ಅಂದ್ಲು.

ಈಗ ಆಕಿ ಮುಂಜಾನಿನ ನಾಕು ಮನಿಗೆ ಹೋಗಿ ನೇಪಾಳದ ಸುದ್ದಿ ಹೇಳಿ ಬರ್ತಾಳಂತ. ಕಾಯಿ ಮದುವಿ ಕಥಿಗೆ ಭಾಳ ಬೇಡಿಕಿ ಐತಂತ ಅಣ್ಣ ಹೇಳಿದ.

ನಿಮ್ಮ ಮನಿಯಾಗೂ ಇಂಥ ಅವ್ವ ಇದ್ರ, 65 ಆಗಲಿ ಅಂತ ಕಾಯಬ್ಯಾಡ್ರಿ, ಜೋಳದ ಡಬ್ಬಿ ತಳದಾಗ ವೋಟರ್ ಕಾರ್ಡು ಐತೇನು ನೋಡ್ರಿ. ಟಿಕೀಟಿಗಿಂತ ಮೊದಲು ಆಕಿ ಆಸೆ ಏನಂತ ಕೇಳ್ರಿ. ಮತ್ತ, ಎಲ್ಲಿಗೂ ಹೋಗಾಕ ಆಗದಿದ್ರೂ ಅಡ್ಡಿ ಇಲ್ಲ, ತಟ್ಟಿ ಕೈಯಾಗಿದ್ದಾಗ ಒಂದು ಸಲ ಅಡಗಿಮನಿ ಬಾಗಿಲ ಕಡೆ ನೋಡ್ರಿ.